ಅನ್ನಕ್ಕೆ ಒಗ್ಗುವ ವಿದ್ಯೆ

ಪ್ರೌಢಶಾಲೆಯ ಜೀವಶಾಸ್ತ್ರದಲ್ಲಿ ರೋಗನಿರೋಧಕ ಶಕ್ತಿಯ ಅಧ್ಯಾಯ ಬಂದೊಡನೆ ಯುದ್ಧದ ಭಾಷೆ ಮೊದಲಾಗುತ್ತದೆ. ದೇಹವೊಂದು ಕೋಟೆ, ಬಿಳಿಯ ರಕ್ತಕಣಗಳು ಅದರ ಕಾವಲುಭಟರು, ಹೊರಗಿನಿಂದ ಬಂದುದೆಲ್ಲ ಶತ್ರು, ಶತ್ರುವನ್ನು ಗುರುತಿಸಿ, ಮುತ್ತಿ, ಸಂಹರಿಸುವುದೇ ಆ ಭಟರ ಧರ್ಮ. ವಿದ್ಯಾರ್ಥಿಗಳು ಇದನ್ನು ಸುಲಭವಾಗಿ ಗ್ರಹಿಸುತ್ತಾರೆ, ಪರೀಕ್ಷೆಯಲ್ಲಿ ಸೊಗಸಾಗಿ ಬರೆಯುತ್ತಾರೆ. ಆದರೆ ಅದೇ ವಿದ್ಯಾರ್ಥಿಗಳು ಗಂಟೆ ಬಾರಿಸಿದ ಮೇಲೆ ದಾಸೋಹದ ಪಂಕ್ತಿಯಲ್ಲಿ ಕುಳಿತು ಉಣ್ಣುವುದೇನು? ರಾಗಿ ಅಥವಾ ಜೋಳ, ತೊಗರಿ, ಶೇಂಗಾ, ಹಾಲು, ಮಜ್ಜಿಗೆ. ಇವುಗಳಲ್ಲಿ ಒಂದಾದರೂ ಮನುಷ್ಯ ಶರೀರದ ಸ್ವಂತ ವಸ್ತುವಲ್ಲ. ತೊಗರಿಯ ಪ್ರೋಟೀನು ತೊಗರಿಗಿಡದ್ದು, ಹಾಲಿನ ಪ್ರೋಟೀನು ಹಸುವಿನದು. ಕೋಟೆಯ ನ್ಯಾಯವೇ ಪೂರ್ಣ ಸತ್ಯವಾಗಿದ್ದರೆ ಪ್ರತಿಯೊಂದು ತುತ್ತೂ ಒಂದು ದಾಳಿಯಾಗಿ, ಪ್ರತಿಯೊಂದು ಊಟವೂ ಒಂದು ಕಾಳಗವಾಗಿ ಪರಿಣಮಿಸಬೇಕಾಗಿತ್ತು. ಹಾಗೆ ಆಗುವುದಿಲ್ಲ. ಏಕೆ ಆಗುವುದಿಲ್ಲವೆಂಬ ಪ್ರಶ್ನೆಯನ್ನು ತರಗತಿಯಲ್ಲಿ ಕೇಳುವವರು ವಿರಳ.

ಕೇಳದೆ ಉಳಿದ ಈ ಪ್ರಶ್ನೆ ಪಂಡಿತರಿಗಷ್ಟೇ ಸಂಬಂಧಿಸಿದ್ದಲ್ಲ. ಎಳೆಯ ಮಗುವಿಗೆ ಯಾವ ಆಹಾರವನ್ನು ಎಂದು ಕೊಡಬೇಕು, ಯಾವುದನ್ನು ದೂರವಿಡಬೇಕು ಎಂಬ ಪ್ರತಿಯೊಂದು ಮನೆಯ ನಿರ್ಧಾರವೂ ಇದರೊಡನೆ ತೊಡಕಿಕೊಂಡಿದೆ. ನೂರಾರು ಮಕ್ಕಳಿಗೆ ಒಂದೇ ಒಲೆಯಲ್ಲಿ ಅಡಿಗೆಯಾಗುವ ಮಠದ ಪ್ರಸಾದನಿಲಯಗಳಿಗಂತೂ ಇದು ನಿತ್ಯದ ಸಂಗತಿ.

ಕನ್ನಡದಲ್ಲಿ ‘ಒಗ್ಗು’ ಎಂಬೊಂದು ಮಾತಿದೆ. ‘ಆ ಪದಾರ್ಥ ಅವನಿಗೆ ಒಗ್ಗದು’ ಎಂದಾಗ ಅದು ಮೈಯ ಹುಟ್ಟುಗುಣವೆಂಬ ಭಾವ ತೋರುತ್ತದೆ. ‘ಹೊಸ ಊರಿಗೆ ಒಗ್ಗಿಕೊಂಡ’ ಎಂದಾಗ ಅದೇ ಮಾತು ಕಾಲಕ್ರಮದಲ್ಲಿ ಬಳಕೆಯಿಂದ ಪಡೆದ ಹೊಂದಾಣಿಕೆಯನ್ನು ಹೇಳುತ್ತದೆ. ಒಂದು ಶತಮಾನಕ್ಕೂ ಮಿಕ್ಕಿದ ಸಂಶೋಧನೆಯಿಂದ ವಿಜ್ಞಾನ ಕಂಡುಕೊಂಡಿರುವುದಿಷ್ಟು: ಅನ್ನದ ವಿಷಯದಲ್ಲಿ ಮೊದಲನೆಯ ಅರ್ಥ ಬಹುಮಟ್ಟಿಗೆ ಎರಡನೆಯದರ ಫಲ. ಅನ್ನಕ್ಕೆ ಒಗ್ಗುವುದನ್ನು ಶರೀರ ಕಲಿಯುತ್ತದೆ, ಉಂಡು ಕಲಿಯುತ್ತದೆ.

ಈ ಶೋಧದ ಕಥೆ ಸಾವಿನಿಂದ ಆರಂಭವಾದದ್ದು ಒಂದು ವಿಚಿತ್ರ. 1902ರಲ್ಲಿ ಫ್ರಾನ್ಸಿನ ಶಾರ್ಲ್ ರಿಶೆ ಮತ್ತು ಪಾಲ್ ಪೋರ್ತಿಯೇ ಎಂಬವರು ಕಡಲಜೀವಿಯೊಂದರ ವಿಷವನ್ನು ನಾಯಿಗಳಿಗೆ ಅಲ್ಪಪ್ರಮಾಣದಲ್ಲಿ ಚುಚ್ಚಿ, ಅವು ಆ ವಿಷವನ್ನು ತಾಳಿಕೊಳ್ಳುವ ಶಕ್ತಿಯನ್ನು ಪಡೆಯುವುವೆಂದು ನಿರೀಕ್ಷಿಸಿದರು. ಕೆಲವು ವಾರಗಳ ಅನಂತರ ಎರಡನೆಯ ಬಾರಿ, ಮೊದಲಿಗಿಂತಲೂ ಕಡಿಮೆ ವಿಷವನ್ನು ಕೊಟ್ಟಾಗ ನಾಯಿ ಕೆಲವೇ ನಿಮಿಷಗಳಲ್ಲಿ ಉಸಿರುಕಟ್ಟಿ ಬಿದ್ದಿತು. ರಕ್ಷಣೆಗಾಗಿ ಇರುವ ಶಕ್ತಿಯೇ ಭಕ್ಷಕವಾಗಬಲ್ಲದೆಂಬುದು ಹೀಗೆ ತಿಳಿದುಬಂದಿತು. ಇದಕ್ಕೆ ಅನಾಫಿಲಾಕ್ಸಿಸ್ ಎಂಬ ಹೆಸರಾಯಿತು. ರಿಶೆಗೆ 1913ರ ನೊಬೆಲ್ ಪಾರಿತೋಷಕವೂ ದೊರೆಯಿತು.

ಚುಚ್ಚಿದಾಗ ಕೊಲ್ಲುವ ಪರಕೀಯ ಪ್ರೋಟೀನು ಉಂಡಾಗ ಏಕೆ ಕೊಲ್ಲುವುದಿಲ್ಲ? 1911ರಲ್ಲಿ ಅಮೆರಿಕದ ಗಿಡಿಯನ್ ವೆಲ್ಸ್ ಮತ್ತು ಥಾಮಸ್ ಆಸ್ಬರ್ನ್ ಗಿನಿಯಿಲಿಗಳ ಮೇಲೆ ನಡೆಸಿದ ಪ್ರಯೋಗಗಳು ಇದಕ್ಕೆ ಮೊದಲ ಸುಳಿವನ್ನು ಕೊಟ್ಟವು. ಮೆಕ್ಕೆಜೋಳವನ್ನು ತಿನ್ನಿಸಿ ಬೆಳೆಸಿದ ಇಲಿಗಳಿಗೆ ಮೆಕ್ಕೆಜೋಳದ ಪ್ರೋಟೀನನ್ನು ಚುಚ್ಚಿದಾಗ ಆ ಮಾರಕ ಆಘಾತ ಉಂಟಾಗಲಿಲ್ಲ. ಮುಂದೆ 1946ರಲ್ಲಿ ಮೆರಿಲ್ ಚೇಸ್, ಚರ್ಮಕ್ಕೆ ಹಚ್ಚಿದರೆ ಉರಿಯೂತವನ್ನುಂಟುಮಾಡುವ ರಾಸಾಯನಿಕವೊಂದನ್ನು ಗಿನಿಯಿಲಿಗಳಿಗೆ ಮೊದಲೇ ಉಣ್ಣಿಸಿ, ಅನಂತರ ಅವುಗಳ ಚರ್ಮ ಅದಕ್ಕೆ ಸುಮ್ಮನಿರುವುದನ್ನು ತೋರಿಸಿದರು. ಬಾಯಿಯ ಮೂಲಕ ಪರಿಚಯವಾದುದಕ್ಕೆ ಇಡೀ ಮೈ ಶಾಂತವಾಗಿರುವುದನ್ನು ಕಲಿತಿತ್ತು. ವೈದ್ಯಶಾಸ್ತ್ರ ಇದನ್ನು ‘ಮೌಖಿಕ ಸಹಿಷ್ಣುತೆ’ ಎಂದು ಕರೆಯುತ್ತದೆ.

ಈ ಕಲಿಕೆಯ ಪಾಠಶಾಲೆ ಸಣ್ಣಕರುಳು. ಕರುಳಿನ ಒಳಮೈಯನ್ನು ಬಿಡಿಸಿ ಹರಡಿದರೆ ಟೆನಿಸ್ ಅಂಗಳದಷ್ಟಾಗುವುದೆಂದು ಹಿಂದಿನ ಪುಸ್ತಕಗಳು ಹೇಳುತ್ತಿದ್ದವು. 2014ರ ಹೊಸ ಅಳತೆಯಂತೆ ಅದು ಸುಮಾರು 32 ಚದರ ಮೀಟರು, ಎಂದರೆ ಒಂದು ಸಣ್ಣ ತರಗತಿಯ ಕೋಣೆಯಷ್ಟು. ಈ ಅಂಗಳದ ಉದ್ದಕ್ಕೂ ಒಂದೇ ಒಂದು ಕೋಶದ ದಪ್ಪದ ತೆಳುಪೊರೆ ಹೊರಜಗತ್ತನ್ನು ಒಳಮೈಯಿಂದ ಬೇರ್ಪಡಿಸಿರುತ್ತದೆ. ಶರೀರದ ನಿರೋಧಕ ಕೋಶಗಳಲ್ಲಿ ಬಹುದೊಡ್ಡ ಪಾಲು ಆ ಪೊರೆಯ ಹಿಂದೆಯೇ ನೆಲೆಸಿದೆ. ಉಂಡ ಪ್ರೋಟೀನಿನಲ್ಲಿ ಬಹುಭಾಗ ಜೀರ್ಣರಸಗಳಿಂದ ಅಮೈನೋ ಆಮ್ಲಗಳಾಗಿ ಒಡೆದು ತನ್ನ ಗುರುತನ್ನೇ ಕಳೆದುಕೊಳ್ಳುತ್ತದೆ. ಆದರೆ ಅತ್ಯಲ್ಪ ಅಂಶವೊಂದು ಗುರುತು ಅಳಿಯದೆ ಪೊರೆಯನ್ನು ದಾಟಿಬರುತ್ತದೆ. ಕಲಿಕೆಯೆಲ್ಲ ನಡೆಯುವುದು ಈ ಅತ್ಯಲ್ಪದಿಂದ.

ಪೊರೆಯ ಹಿಂದೆ ಕವಲುಗಳನ್ನು ಚಾಚಿ ಕುಳಿತ ಡೆಂಡ್ರೈಟಿಕ್ ಕೋಶಗಳು ಆ ತುಣುಕನ್ನು ಎತ್ತಿಕೊಂಡು ಕರುಳಿನ ದುಗ್ಧಗ್ರಂಥಿಗಳಿಗೆ ಒಯ್ಯುತ್ತವೆ. ಅಲ್ಲಿ ಇನ್ನೂ ಯಾವ ಪಾಠವನ್ನೂ ಕಲಿಯದ ಟಿ ಕೋಶಗಳ ಮುಂದೆ ಅದನ್ನು ಹಿಡಿದು ತೋರಿಸುತ್ತವೆ. ಅದೇ ತುಣುಕು ಬೇರೆ ಸನ್ನಿವೇಶದಲ್ಲಿ ಯುದ್ಧದ ಕರೆಯಾಗಬಹುದು. ಕರುಳಿನ ಗ್ರಂಥಿಯಲ್ಲಾದರೋ ಶಾಂತಿಯ ಎರಡು ಸಂಕೇತಗಳು ಅದರೊಡನೆ ಇರುತ್ತವೆ: ಒಂದು, ಟಿ.ಜಿ.ಎಫ್. ಬೀಟಾ ಎಂಬ ರಸವಸ್ತು; ಇನ್ನೊಂದು, ಊಟದಲ್ಲಿ ಬಂದ ‘ಎ’ ಜೀವಸತ್ವದಿಂದ ಆ ಕೋಶಗಳೇ ತಯಾರಿಸುವ ರೆಟಿನಾಯಿಕ್ ಆಮ್ಲ. ಅನ್ನವನ್ನು ಒಪ್ಪಿಕೊಳ್ಳುವ ಪಾಠಕ್ಕೆ ಅನ್ನದಲ್ಲಿಯೇ ಇರುವ ಸತ್ವವೊಂದು ಸಾಧನವಾಗಿರುವುದು ಗಮನಾರ್ಹವಾಗಿದೆ. ಈ ಸಂಕೇತಗಳೊಡನೆ ಪಾಠ ಕೇಳಿದ ಟಿ ಕೋಶ ಯೋಧನಾಗುವುದಿಲ್ಲ, ನಿಯಂತ್ರಕನಾಗುತ್ತದೆ. ಅದು ಮರಳಿ ಕರುಳಿನ ಗೋಡೆಗೆ ಬಂದು, ಅಲ್ಲಿ ವೃದ್ಧಿಗೊಂಡು, ಮುಂದೆ ಅದೇ ಪದಾರ್ಥ ಬಂದಾಗಲೆಲ್ಲ ಇತರ ಕೋಶಗಳ ಆವೇಶವನ್ನು ತಡೆಯುತ್ತದೆ. ಪದಾರ್ಥ ಹೆಚ್ಚು ಪ್ರಮಾಣದಲ್ಲಿ ಒಳಬಂದಾಗ ಅದರ ವಿರುದ್ಧ ಎದ್ದೇಳಬಹುದಾದ ಕೋಶಗಳು ನಿಷ್ಕ್ರಿಯವಾಗುವುದೂ, ಅಳಿದುಹೋಗುವುದೂ ಉಂಟು. ಸೊಪ್ಪು ತರಕಾರಿಗಳ ಮತ್ತು ಇಡಿಧಾನ್ಯಗಳ ನಾರನ್ನು ಕರುಳಿನ ಸೂಕ್ಷ್ಮಜೀವಿಗಳು ಹುಳಿಸಿದಾಗ ಹುಟ್ಟುವ ಬ್ಯುಟಿರೇಟ್ ಎಂಬ ಆಮ್ಲವು ಈ ನಿಯಂತ್ರಕರಿಗೆ ಪೋಷಕವೆಂದು 2013ರಲ್ಲಿ ಇಲಿಗಳ ಮೇಲಿನ ಪ್ರಯೋಗಗಳಿಂದ ಗೊತ್ತಾಯಿತು.

ನಿಯಂತ್ರಕ ಕೋಶಗಳು ಇವೆಯೆಂಬುದನ್ನೇ ವಿದ್ವತ್ಲೋಕ ಬಹುಕಾಲ ನಂಬಿರಲಿಲ್ಲ. 1980ರ ದಶಕದಲ್ಲಿ ಇಂಥ ಮಾತನ್ನಾಡುವವರನ್ನು ಸಂಶಯದಿಂದ ನೋಡುತ್ತಿದ್ದರು. ಜಪಾನಿನ ಶಿಮೊನ್ ಸಕಗುಚಿ ಪಟ್ಟುಬಿಡದೆ ದುಡಿದು 1995ರಲ್ಲಿ ಅವುಗಳ ಗುರುತನ್ನು ನಿಶ್ಚಿತವಾಗಿ ತೋರಿಸಿಕೊಟ್ಟರು. ಅಮೆರಿಕದ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ 2001ರಲ್ಲಿ ಫಾಕ್ಸ್‌ಪಿ3 ಎಂಬ ವಂಶವಾಹಿಯನ್ನು ಕಂಡುಹಿಡಿದರು. ಆ ವಂಶವಾಹಿ ಕೆಟ್ಟು ಹುಟ್ಟಿದ ಗಂಡುಮಕ್ಕಳಲ್ಲಿ ತಡೆಯುವವರೇ ಇಲ್ಲದೆ ಕರುಳು, ಚರ್ಮ, ಗ್ರಂಥಿಗಳೆಲ್ಲ ಸ್ವಂತ ಸೈನ್ಯದ ದಾಳಿಗೆ ತುತ್ತಾಗುತ್ತವೆ. ಈ ಮೂವರಿಗೆ 2025ರ ವೈದ್ಯಕೀಯ ನೊಬೆಲ್ ಸಂದಿತು. ಜಗತ್ತಿನ ಅತ್ಯುಚ್ಚ ಮನ್ನಣೆ ಈ ಸಲ ಸಂದದ್ದು ಸಂಹಾರದ ವಿದ್ಯೆಗಲ್ಲ, ಸಂಯಮದ ವಿದ್ಯೆಗೆ. ಜೀವಶಾಸ್ತ್ರದ ಅಧ್ಯಾಪಕರು ಅಧ್ಯಾಯದ ಯುದ್ಧವರ್ಣನೆಗೆ ಇನ್ನೊಂದು ಪುಟವನ್ನು ಸೇರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಸಂದರ್ಭವಿಲ್ಲ.

ಇಲ್ಲಿ ಚುರುಕಾದ ವಿದ್ಯಾರ್ಥಿಯೊಬ್ಬ ಕೇಳಬಹುದಾದ ಪ್ರಶ್ನೆಯೊಂದಿದೆ. ಬಾಯಿಯಿಂದ ಹೋದುದಕ್ಕೆಲ್ಲ ಶರೀರ ಸುಮ್ಮನಿರುವುದಾದರೆ ಪೋಲಿಯೋ ಹನಿ ಫಲ ಕೊಟ್ಟದ್ದು ಹೇಗೆ? ಅದೇ ಬಾಯಿ, ಅದೇ ಕರುಳು. ಆದರೂ ಆ ಎರಡು ಹನಿಗಳಿಂದ ಮಕ್ಕಳಲ್ಲಿ ರಕ್ಷಣೆ ಬೆಳೆಯಿತು, 2014ರಲ್ಲಿ ಭಾರತ ಪೋಲಿಯೋಮುಕ್ತವೆಂದು ಘೋಷಿತವಾಯಿತು. ಆ ಹನಿಯಲ್ಲಿದ್ದುದು ದುರ್ಬಲಗೊಳಿಸಿದ, ಆದರೆ ಜೀವಂತವಾದ ವೈರಸ್ಸು. ಅದು ಕರುಳಿನ ಕೋಶದೊಳಗೆ ಹೊಕ್ಕು ವೃದ್ಧಿಯಾಗುತ್ತದೆ, ಅಪಾಯದ ಸಂಕೇತಗಳನ್ನು ಎಬ್ಬಿಸುತ್ತದೆ. ಬೇಳೆ ಹಾಗೆ ಮಾಡುವುದಿಲ್ಲ. ಕರುಳು ನೋಡುವುದು ಬಂದವನ ಪರಕೀಯತೆಯೊಂದನ್ನೇ ಅಲ್ಲ, ಅವನ ನಡತೆಯನ್ನೂ ನೋಡುತ್ತದೆ.

ಇಷ್ಟೆಲ್ಲ ಪ್ರಾಣಿಗಳ ಮೇಲಿನ ಪ್ರಯೋಗದಿಂದ ತಿಳಿದಿದ್ದರೂ ಮನುಷ್ಯರ ಮಕ್ಕಳ ವಿಷಯದಲ್ಲಿ ವೈದ್ಯಲೋಕ ದೊಡ್ಡ ತಪ್ಪೊಂದನ್ನು ಮಾಡಿತು. ಪಾಶ್ಚಾತ್ಯ ದೇಶಗಳಲ್ಲಿ ಕಡಲೆಕಾಯಿಯ ಅಲರ್ಜಿ ಹೆಚ್ಚುತ್ತಿರುವುದನ್ನು ಕಂಡು, 2000ದಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು, ಅಲರ್ಜಿಯ ಸಂಭವ ಹೆಚ್ಚಾಗಿರುವ ಮಕ್ಕಳಿಗೆ ಮೂರು ವರ್ಷ ತುಂಬುವವರೆಗೆ ಕಡಲೆಕಾಯಿಯನ್ನು ಕೊಡಕೂಡದೆಂದು ಸಲಹೆ ಮಾಡಿತು. ಸಲಹೆ ಸದುದ್ದೇಶದ್ದು; ತರ್ಕವೂ ಕೋಟೆಯ ತರ್ಕವೇ. ಶತ್ರುವನ್ನು ದೂರವಿಟ್ಟರೆ ಕೋಟೆ ಕ್ಷೇಮವಷ್ಟೆ! ತಾಯಂದಿರು ಶ್ರದ್ಧೆಯಿಂದ ಪಾಲಿಸಿದರು. ಅಲರ್ಜಿ ಇಳಿಯಲಿಲ್ಲ. 2008ರಲ್ಲಿ ಅಕಾಡೆಮಿ ತನ್ನ ಸಲಹೆಯನ್ನು ಹಿಂತೆಗೆದುಕೊಂಡಿತು.

ಅದೇ ವರ್ಷ ಲಂಡನ್ನಿನ ಗಿಡಿಯನ್ ಲ್ಯಾಕ್ ಮತ್ತು ಸಂಗಡಿಗರು ಒಂದು ಹೋಲಿಕೆಯನ್ನು ಪ್ರಕಟಿಸಿದರು. ಇಂಗ್ಲೆಂಡಿನಲ್ಲಿ ನೆಲಸಿದ ಯೆಹೂದಿ ಮಕ್ಕಳಲ್ಲಿ ಕಡಲೆಕಾಯಿಯ ಅಲರ್ಜಿ ನೂರಕ್ಕೆ 1.85ರಷ್ಟು, ಇಸ್ರೇಲಿನ ಯೆಹೂದಿ ಮಕ್ಕಳಲ್ಲಿ 0.17ರಷ್ಟು. ಕುಲಮೂಲ ಒಂದೇ ಆಗಿದ್ದೂ ಹತ್ತುಪಟ್ಟು ಅಂತರ! ಇಸ್ರೇಲಿನಲ್ಲಿ ಎಳೆಯ ಕೂಸುಗಳಿಗೆ ಬಾಂಬಾ ಎಂಬ ಕಡಲೆಕಾಯಿಯ ತಿಂಡಿಯನ್ನು ಮೊದಲ ವರ್ಷದೊಳಗೇ ಕೊಡುವ ರೂಢಿ. ಇಂಗ್ಲೆಂಡಿನಲ್ಲಿ ಆ ರೂಢಿ ಇರಲಿಲ್ಲ. ಆದರೆ ಹೋಲಿಕೆಯೊಂದರಿಂದಲೇ ಕಾರಣ ಸಿದ್ಧವಾಗದು. ಆದ್ದರಿಂದ ಅವರು ತೀವ್ರ ಇಸುಬು ಅಥವಾ ಮೊಟ್ಟೆಯ ಅಲರ್ಜಿಯಿದ್ದ 640 ಕೂಸುಗಳನ್ನು, ನಾಲ್ಕರಿಂದ ಹನ್ನೊಂದು ತಿಂಗಳ ವಯಸ್ಸಿನಲ್ಲಿ ಆರಿಸಿಕೊಂಡು, ಚೀಟಿಯೆತ್ತಿದಂತೆ ಎರಡು ಪಂಗಡ ಮಾಡಿದರು. ಒಂದು ಪಂಗಡ ವಾರಕ್ಕೆ ಮೂರು ಸಲವಾದರೂ ಕಡಲೆಕಾಯಿಯ ಆಹಾರವನ್ನು ತಿನ್ನಬೇಕು. ಇನ್ನೊಂದು ಐದು ವರ್ಷ ತುಂಬುವವರೆಗೆ ಅದನ್ನು ಮುಟ್ಟಕೂಡದು. 2015ರಲ್ಲಿ ಫಲಿತಾಂಶ ಹೊರಬಂದಿತು. ವರ್ಜಿಸಿದವರಲ್ಲಿ ನೂರಕ್ಕೆ 17.2 ಮಕ್ಕಳಿಗೆ ಅಲರ್ಜಿ. ತಿಂದವರಲ್ಲಿ ಕೇವಲ 3.2. ಅದೇ ಮಕ್ಕಳನ್ನು ಹನ್ನೆರಡು ವರ್ಷ ತುಂಬಿದಾಗ ಮತ್ತೆ ಪರೀಕ್ಷಿಸಿ 2024ರಲ್ಲಿ ಪ್ರಕಟಿಸಿದ ವರದಿಯಲ್ಲಿಯೂ ಅಂತರ ಉಳಿದಿತ್ತು: 15.4 ಮತ್ತು 4.4.

ಹಾಗಾದರೆ ಮುಟ್ಟದ ಮಕ್ಕಳಿಗೆ ಅಲರ್ಜಿ ಬಂದದ್ದಾದರೂ ಎಲ್ಲಿಂದ? ಬಾಯಿಯ ಬಾಗಿಲನ್ನು ಮುಚ್ಚಿದ ಮಾತ್ರಕ್ಕೆ ಪದಾರ್ಥ ಮನೆಯಿಂದ ಮಾಯವಾಗುವುದಿಲ್ಲ. ಅದರ ಕಣಗಳು ಹಾಸಿಗೆಯ ದೂಳಿನಲ್ಲಿ, ಎತ್ತಿಕೊಂಡವರ ಕೈಯಲ್ಲಿ ಇದ್ದೇ ಇರುತ್ತವೆ. ಇಸುಬಿನಿಂದ ಬಿರಿದ ಚರ್ಮದ ಮೂಲಕ ಅವು ಒಳಹೊಕ್ಕಾಗ ಅಲ್ಲಿ ಶಾಂತಿಯ ಸಂಕೇತಗಳಿಲ್ಲ. ಗಾಯಗೊಂಡ ಚರ್ಮ ಗಾಬರಿಯ ಸಂಕೇತಗಳನ್ನೇ ಕಳಿಸುತ್ತದೆ. ಬಾಯಿಂದ ಬಂದುದು ಅತಿಥಿ, ಬಿರುಕಿನಿಂದ ಬಂದುದು ಕಳ್ಳ ಎಂಬಂತೆ ಶರೀರ ವರ್ತಿಸುತ್ತದೆಂದು ಲ್ಯಾಕ್ ಅವರ ವಾದ; ಅದಕ್ಕೆ ಪೋಷಕವಾದ ಸಾಕ್ಷ್ಯ ಈಗ ಸಾಕಷ್ಟಿದೆ. ಅತಿಥಿಯನ್ನು ಬಾಗಿಲಲ್ಲಿ ತಡೆದು ಬಿರುಕನ್ನು ತೆರೆದಿಟ್ಟದ್ದೇ 2000ದ ಸಲಹೆಯ ದೋಷವೆನ್ನಬಹುದು.

ಕರ್ನಾಟಕದ ಸ್ಥಿತಿಯೇನು? ಇದಕ್ಕೆ ಉತ್ತರ ದೊರೆತಿರುವುದು, ಅಭಿಮಾನಪಡಬೇಕಾದ ಸಂಗತಿ, ಮಠವೊಂದು ಬೆಳೆಸಿದ ವಿದ್ಯಾಸಂಸ್ಥೆಯ ಸಹಭಾಗಿತ್ವದಿಂದಲೇ. ಸುತ್ತೂರು ಶ್ರೀಮಠದ ಆಶ್ರಯದ, ಮೈಸೂರಿನ ಜೆ.ಎಸ್.ಎಸ್. ವೈದ್ಯಕೀಯ ಕಾಲೇಜಿನ ವೈದ್ಯರು ಯೂರೋಪಿನ ಸಂಶೋಧಕರೊಡನೆ ಸೇರಿ ಬೆಂಗಳೂರು, ಮೈಸೂರುಗಳ ವಯಸ್ಕರಲ್ಲಿ ನಡೆಸಿದ ಸಮೀಕ್ಷೆ 2016ರಲ್ಲಿ ಪ್ರಕಟವಾಯಿತು. ರಕ್ತಪರೀಕ್ಷೆಯಲ್ಲಿ ಯಾವುದಾದರೊಂದು ಆಹಾರದ ವಿರುದ್ಧ ಅಲರ್ಜಿಯ ಪ್ರತಿಕಾಯ ಕಂಡುಬಂದವರು ನೂರಕ್ಕೆ ಸುಮಾರು ಇಪ್ಪತ್ತಾರು ಮಂದಿ. ಆದರೆ ಆ ಆಹಾರವನ್ನು ತಿಂದಾಗ ನಿಜವಾಗಿ ತೊಂದರೆಪಡುವ, ಅಲರ್ಜಿಯೆಂದು ಬಗೆಯಬಹುದಾದವರು ನೂರಕ್ಕೆ ಒಂದಕ್ಕಿಂತ ತುಸು ಹೆಚ್ಚು ಮಾತ್ರ. ಪ್ರತಿಕಾಯವಿದ್ದೂ ಸುಖವಾಗಿ ಉಣ್ಣುವವರೇ ಬಹುಸಂಖ್ಯಾತರು.

ಈ ಎರಡು ಅಂಕಿಗಳ ನಡುವಿನ ಅಂತರವನ್ನು ಅರಿಯದಿರುವುದರಿಂದ ಆಗುತ್ತಿರುವ ಹಾನಿ ಸಣ್ಣದಲ್ಲ. ಮಗುವಿಗೆ ತುರಿಕೆಯೋ ಕೆಮ್ಮೋ ಬಂದೊಡನೆ ಹತ್ತಾರು ಪದಾರ್ಥಗಳ ರಕ್ತಪರೀಕ್ಷೆ ಮಾಡಿಸಿ, ಚೀಟಿಯಲ್ಲಿ ಗುರುತು ಬಿದ್ದುದನ್ನೆಲ್ಲ ತಟ್ಟೆಯಿಂದ ತೆಗೆದುಹಾಕುವ ಪದ್ಧತಿ ನಗರಗಳಲ್ಲಿ ಹರಡುತ್ತಿದೆ. ಹಾಲು ಹೋಯಿತು, ಗೋಧಿ ಹೋಯಿತು, ಶೇಂಗಾ ಹೋಯಿತು. ಬೆಳೆಯುವ ಮಗುವಿಗೆ ಉಳಿದದ್ದು ಅನ್ನ ಮತ್ತು ಅಂಜಿಕೆ. ತಿನ್ನುತ್ತಿದ್ದುದನ್ನು ಕಾರಣವಿಲ್ಲದೆ ಬಿಡಿಸಿದರೆ ಕಲಿತ ಸಹಿಷ್ಣುತೆಯೇ ಕೆಲವು ಮಕ್ಕಳಲ್ಲಿ ಮರೆತುಹೋಗುತ್ತದೆ. ಬಹುಕಾಲದ ವರ್ಜನೆಯ ಬಳಿಕ ಮರಳಿ ಕೊಟ್ಟಾಗ ತೀವ್ರ ಆಘಾತವಾದ ಉದಾಹರಣೆಗಳು ವೈದ್ಯಸಾಹಿತ್ಯದಲ್ಲಿವೆ. ವಿಜ್ಞಾನದ ಹೆಸರಿನಲ್ಲಿ ನಡೆಯುವ ಈ ವರ್ಜನೆಯು, ಕೂಸಿಗೆ ಬೇಳೆ ಭಾರ, ಬಾಳೆ ಶೀತ ಎಂದು ವರ್ಷಗಟ್ಟಲೆ ತಡೆಯುವ ಅಜ್ಜಿಯ ವರ್ಜನೆಗಿಂತ ಹೆಚ್ಚು ವಿವೇಕದ್ದೇನೂ ಅಲ್ಲ. ಅಜ್ಜಿ ಕೊನೆಯ ಪಕ್ಷ ಶುಲ್ಕವನ್ನು ವಸೂಲು ಮಾಡುವುದಿಲ್ಲ.

ಆರು ತಿಂಗಳು ತುಂಬಿದ ಕೂಸಿಗೆ, ತಾಯಿಹಾಲನ್ನು ಬಿಡಿಸದೆ, ಮನೆಯವರು ಉಣ್ಣುವ ಧಾನ್ಯ, ಬೇಳೆ, ಮೊಸರು, ಎಳ್ಳು, ಶೇಂಗಾಗಳನ್ನೆಲ್ಲ ನುಣ್ಣಗೆ ಮಾಡಿ, ಒಂದೊಂದಾಗಿ, ಚಿಟಿಕೆಯಿಂದ ಆರಂಭಿಸಿ ರೂಢಿ ಮಾಡಿಸುವುದು ಯುಕ್ತ. ಇಡೀ ಶೇಂಗಾಬೀಜ ಮಾತ್ರ ಉಸಿರುಕೊಳವೆಗೆ ಸಿಕ್ಕಿಬೀಳುವುದರಿಂದ ಎಳೆಯರಿಗೆ ಸಲ್ಲದು. ತೀವ್ರ ಇಸುಬಿರುವ ಕೂಸಿನ ವಿಷಯದಲ್ಲಿ ಮೊದಲು ವೈದ್ಯರನ್ನು ಕೇಳಬೇಕು. ಈ ಮಾತನ್ನು ತಾಯಂದಿರಿಗೆ ತಲುಪಿಸಲು ಮಠದ ಶಿಶುವಿಹಾರಗಳಿಗಿಂತಲೂ, ಪೋಷಕರ ಸಭೆಗಳಿಗಿಂತಲೂ ತಕ್ಕ ಸ್ಥಳ ಬೇರೊಂದಿಲ್ಲ. ಅಂಥ ಸಭೆಗಳಲ್ಲಿ ಅಂಕಪಟ್ಟಿಯ ಚರ್ಚೆಗೆ ಸಲ್ಲುವ ಕಾಲದ ಹತ್ತನೆಯ ಒಂದು ಭಾಗ ಸಾಕು.

ಇನ್ನು ಇದೇ ವಿಚಾರದ ಮತ್ತೊಂದು ಮುಖ. ‘ಉಂಡು ಕಲಿಯುತ್ತದೆ’ ಎಂಬ ತತ್ತ್ವವನ್ನು ಅರೆಯಾಗಿ ಅರಿತವರು ಮಾಡಬಹುದಾದ ಅನಾಹುತ ಮೊದಲಿನದಕ್ಕಿಂತ ಭಯಂಕರವಾದುದು. ಶರೀರ ತಪ್ಪು ಪಾಠವನ್ನು ಒಮ್ಮೆ ಕಲಿತ ಮೇಲೆ ಉಣ್ಣಿಸಿ ತಿದ್ದುವುದು ಸುಲಭವಲ್ಲ. ಸಕ್ಕರೆರೋಗದ ಸಂಭವವಿದ್ದವರಿಗೆ ಇನ್ಸುಲಿನ್ನನ್ನು ನುಂಗಿಸಿ, ಸ್ವಂತ ಗ್ರಂಥಿಯ ಮೇಲಿನ ದಾಳಿಯನ್ನು ಶಮನಗೊಳಿಸಬಹುದೇ ಎಂದು ನಡೆಸಿದ ದೊಡ್ಡ ಪ್ರಯೋಗ, ಒಟ್ಟಿನ ಮೇಲೆ ಫಲಕಾರಿಯಾಗಲಿಲ್ಲವೆಂದು 2017ರಲ್ಲಿ ತಿಳಿದುಬಂದಿತು. ಗೋಧಿಯ ಅಂಟಿಗೆ ಸಹಿಷ್ಣುತೆಯನ್ನು ಕಳೆದುಕೊಂಡ ಸೀಲಿಯಾಕ್ ರೋಗಿಗೆ ಅಭ್ಯಾಸದಿಂದ ಗೋಧಿ ಮತ್ತೆ ಒಗ್ಗುವುದಿಲ್ಲ. ಆತ ಜೀವಮಾನವಿಡೀ ಅದನ್ನು ಬಿಡಲೇಬೇಕು. ಅಲರ್ಜಿಯಿರುವ ಮಕ್ಕಳಿಗೆ ಅದೇ ಪದಾರ್ಥವನ್ನು ಕಣಕಣವಾಗಿ ಏರಿಸುತ್ತ ಕೊಡುವ ಚಿಕಿತ್ಸೆಯೊಂದು ಇದೆಯಾದರೂ ಅದು ತಜ್ಞರ ಕಣ್ಣೆದುರಿನಲ್ಲಿ ನಡೆಯತಕ್ಕದ್ದು. ನಿಲ್ಲಿಸಿದರೆ ಅನೇಕರಲ್ಲಿ ಗಳಿಸಿದ ಫಲವೂ ಕರಗುತ್ತದೆ. ಅಡಿಗೆಯವರಾಗಲಿ, ನಿಲಯಪಾಲಕರಾಗಲಿ ‘ತುಸು ತಿಂದು ರೂಢಿ ಮಾಡಿಕೋ’ ಎಂದು ಹೇಳುವಂಥದಲ್ಲ.

ಮಠದ ನಿಲಯಗಳಲ್ಲಿ ಈ ಎಚ್ಚರ ವಿಶೇಷವಾಗಿ ಬೇಕಾಗಿದೆ. ತಟ್ಟೆಯಲ್ಲಿ ಬಡಿಸಿದ್ದು ಬರಿಯ ಆಹಾರವಲ್ಲ, ಪ್ರಸಾದ. ಅದನ್ನು ಚೆಲ್ಲಬಾರದು, ಒಲ್ಲೆನ್ನಬಾರದು ಎಂಬ ಸಂಸ್ಕಾರ ಮಕ್ಕಳಲ್ಲಿ ಬೇರೂರಿರುತ್ತದೆ. ಅದು ಉತ್ತಮ ಸಂಸ್ಕಾರವೇ. ಹಸಿದ ನಾಡಿನಲ್ಲಿ ಅನ್ನದ ಗೌರವವನ್ನು ಕಾಪಾಡಿಕೊಂಡು ಬಂದಿರುವುದು ಅದೇ. ಆದರೆ ದೂರದ ಹಳ್ಳಿಯಿಂದ ಬಂದು ಐದನೆಯ ತರಗತಿಗೆ ಸೇರಿದ ಬಾಲಕನೊಬ್ಬ, ಶೇಂಗಾ ಚಟ್ನಿ ತಿಂದರೆ ತನ್ನ ಗಂಟಲು ಕಟ್ಟುವುದೆಂದು ಬಲ್ಲವನು, ಪಂಕ್ತಿಯ ನಡುವೆ ಕೈಯಡ್ಡಹಿಡಿದು ಬೇಡವೆನ್ನಲು ಎಷ್ಟು ಧೈರ್ಯ ಬೇಕು! ಬಡಿಸುವವನ ಕಣ್ಣಿಗೆ ಅದು ಹಟವಾಗಿ, ಶಿಕ್ಷಕರಿಗೆ ಅಶಿಸ್ತಾಗಿ, ಓರಗೆಯವರಿಗೆ ಅಪಹಾಸ್ಯದ ವಸ್ತುವಾಗಿ ತೋರಬಹುದು. ಅಂಜಿ ತಿಂದರೆ ಪ್ರಾಣಕ್ಕೇ ಸಂಚಕಾರ. ದಾಸೋಹವೆಂದರೆ ತಟ್ಟೆಯನ್ನು ತುಂಬುವುದಷ್ಟೇ ಎಂದು ಶರಣಪರಂಪರೆ ಎಂದೂ ತಿಳಿದಿಲ್ಲ. ಉಣ್ಣುವವನ ಕ್ಷೇಮವೇ ಅದರ ಉದ್ದೇಶ. ಮೈಗೆ ವಿಷವಾಗುವುದನ್ನು ವಿನಯದಿಂದ ಬೇಡವೆಂದ ಮಗು ಪ್ರಸಾದಕ್ಕೆ ಅಪಚಾರ ಮಾಡಲಿಲ್ಲವೆಂಬುದನ್ನು ಪೂಜ್ಯರ ಬಾಯಿಂದಲೇ ಒಮ್ಮೆ ಪಂಕ್ತಿಯಲ್ಲಿ ಹೇಳಿಸಿದರೆ, ಹತ್ತು ಸುತ್ತೋಲೆಗಳು ಮಾಡದ ಕಾರ್ಯ ಆದೀತು.

ಉಳಿದ ಏರ್ಪಾಡುಗಳಿಗೆ ಹೆಚ್ಚಿನ ವೆಚ್ಚವಿಲ್ಲ. ಶೇಂಗಾ ಬಳಸಿದ ಅಡಿಗೆಗೆ ಬೇರೆಯೇ ಸೌಟು. ಯಾವ ದಿನ ಯಾವುದರಲ್ಲಿ ಶೇಂಗಾ, ಎಳ್ಳು, ಹಾಲು ಬಿದ್ದಿದೆಯೆಂದು ಅಡಿಗೆಮನೆಯ ಬಾಗಿಲಲ್ಲಿ ಒಂದು ಕರಿಹಲಗೆ. ತುಟಿ, ಮುಖ ಊದಿ, ಮೈಯೆಲ್ಲ ದದ್ದೆದ್ದು, ಉಸಿರಾಟ ಕಟ್ಟುತ್ತಿರುವ ಮಗುವಿಗೆ ಮೊದಲ ಔಷಧ ಅಡ್ರಿನಲಿನ್. ತೊಡೆಯ ಹೊರಬದಿಯ ಸ್ನಾಯುವಿಗೆ ಅದನ್ನು ಕೂಡಲೇ ಚುಚ್ಚಬೇಕು, ಆಮೇಲೆ ಆಸ್ಪತ್ರೆಗೆ ಧಾವಿಸಬೇಕು. ತುರಿಕೆಯ ಗುಳಿಗೆಯನ್ನು ಕೊಟ್ಟು ಕಾದು ಕುಳಿತರೆ ಕಾಲ ಮೀರುತ್ತದೆ. ಆ ಔಷಧದ ಸಣ್ಣ ಶೀಸೆಯ ಬೆಲೆ ಅತ್ಯಲ್ಪ. ಬೇಕಾದುದು ಅದನ್ನು ಪ್ರಮಾಣವರಿತು ಕೊಡಬಲ್ಲ ತರಬೇತಾದ ದಾದಿ ನಿಲಯದಲ್ಲಿಯೇ ಇರುವುದು. ದಾನಿಗಳು ತಟ್ಟೆ ಲೋಟಗಳ ಮೇಲೆ ಹೆಸರು ಕೆತ್ತಿಸಿ ಕೊಡುವ ಪದ್ಧತಿ ನಡೆದುಬಂದಿದೆ. ತಪ್ಪೇನಿಲ್ಲ, ಆದರೆ ಆ ತಟ್ಟೆಯಲ್ಲಿ ಉಣ್ಣುವ ಮಗುವಿಗಾಗಿ ಒಬ್ಬ ದಾದಿಯ ಸಂಬಳವನ್ನು ವಹಿಸಿಕೊಳ್ಳುವ ದಾನಿ, ಹೆಸರನ್ನು ಕೆತ್ತಿಸಲು ಸ್ಥಳವಿಲ್ಲದಿದ್ದರೂ, ಅದಕ್ಕಿಂತ ದೊಡ್ಡ ದಾಸೋಹವನ್ನು ಮಾಡಿದಂತಾಗುತ್ತದೆ.

ಪ್ರವೇಶದ ಅರ್ಜಿಯಲ್ಲಿ ಒಂದು ಅಂಕಣವನ್ನು ಸೇರಿಸುವುದು ಎಲ್ಲಕ್ಕಿಂತ ಮೊದಲ ಕೆಲಸ. ಅದರಲ್ಲಿ ತಂದೆತಾಯಿಗಳು ಬರೆಯಬೇಕಾದುದು ಎರಡೇ ಸಂಗತಿ: ಯಾವ ಪದಾರ್ಥ ಒಗ್ಗುವುದಿಲ್ಲ, ಮತ್ತು ಅದನ್ನು ತಿಂದಾಗ ಎಷ್ಟು ಹೊತ್ತಿನಲ್ಲಿ ಏನಾಯಿತು. ಎರಡನೆಯ ಪ್ರಶ್ನೆಗೆ ಸ್ಪಷ್ಟ ಉತ್ತರವಿದ್ದರೆ ಆ ಹೆಸರು ಅಂದೇ ಅಡಿಗೆಮನೆಗೂ ದಾದಿಗೂ ತಲುಪತಕ್ಕದ್ದು. ಉತ್ತರವಿಲ್ಲದೆ ಪ್ರಯೋಗಾಲಯದ ಚೀಟಿಯನ್ನಷ್ಟೇ ಲಗತ್ತಿಸಿದ್ದರೆ, ತಜ್ಞವೈದ್ಯರ ಮಾತು ಬರುವವರೆಗೆ ಆ ಪದಾರ್ಥವನ್ನು ಬಡಿಸದೆ, ಆ ಮಾತನ್ನು ತಡಮಾಡದೆ ತರುವಂತೆ ಪೋಷಕರಿಗೆ ತಿಳಿಸಬೇಕು. ಏಕೆಂದರೆ ಆ ಚೀಟಿಯ ಮಗು ಓರಗೆಯವರೊಡನೆ ಅದೇ ಪಂಕ್ತಿಯಲ್ಲಿ ಅದನ್ನೇ ಉಣ್ಣಬಲ್ಲ ಮಗುವಾಗಿರುವ ಸಂಭವವೇ ಹೆಚ್ಚು.